ಕಣ್ಣಿನ ಬಿಳಿ

ಸತ್ತವರ ಕಣ್ಣು ತೆರೆಸುವುದು ಆ ಬ್ರಹ್ಮನಿಗೂ ಆಗದ ಕೆಲಸ ಅನ್ನುತ್ತಾರೆ. ಔರಂಗಾಬಾದಿನ ಗುಲ್ಮಂಡಿಯ ಹಿಂದಿನ ಗಲ್ಲಿಯಲ್ಲಿ ಮನ್ಮಥಪ್ಪ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ, ಅದೂ ಎಣ್ಣೆಬಣ್ಣದಲ್ಲಿ.

ಬೀದರ, ಕಲಬುರಗಿ ಕಡೆಯಿಂದ ಬಂದು ಈ ಊರಲ್ಲಿ ಕಿರಾಣಿಯೋ ಬಟ್ಟೆಯೋ ಇಟ್ಟುಕೊಂಡ ಲಿಂಗಾಯತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ಹಣೆತುಂಬ ವಿಭೂತಿ ಬಳಿದು, ಕೊರಳತುಂಬ ಹೂ ಹಾಕಿ, ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ತೆಗೆಸುತ್ತಾರೆ. ಜೀವಮಾನವಿಡೀ ಒಲೆಯ ಮುಂದೆ ಕೂತ ಹೆಂಗಸರಿಗೆ ಎಷ್ಟೋ ಸಲ ಅದೇ ಮೊದಲ ಫೋಟೋ, ಅದೇ ಕಡೆಯದು. ಉಳಿದದ್ದೆಲ್ಲ ಲಕ್ಷಣವಾಗಿ ಬಂದಿರುತ್ತದೆ, ಕಣ್ಣೊಂದು ಮುಚ್ಚಿರುತ್ತದೆ. ಕಣ್ಣು ಮುಚ್ಚಿದ ಅವ್ವನನ್ನು ನಡುಮನೆಯ ಗೋಡೆಗೆ ತೂಗುಹಾಕಲು ಯಾರಿಗೆ ಮನಸ್ಸು ಬಂದೀತು? ಮನೆಮಂದಿ ಆ ಫೋಟೋ ಹಿಡಿದುಕೊಂಡು ಮನ್ಮಥಪ್ಪನ ಬಾಗಿಲಿಗೆ ಬರುತ್ತಿದ್ದರು. "ನಮ್ಮವ್ವನ ಕಣ್ಣ ತೆರಸ್ರಿ," ಎನ್ನುತ್ತಿದ್ದರು.

ಅವನು ಮೊದಲು ಆ ಮನೆಗೆ ಹೋಗಿ, ಚಹಾ ಕುಡಿದು, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂಡಿಸಿ, "ಅವ್ವನ ಕಣ್ಣ ಯಾರಿಗಿ ಬಂದಾವ?" ಎಂದು ಕೇಳುತ್ತಿದ್ದ. ಅಲ್ಲೇ ಜಗಳ ಹತ್ತುತ್ತಿತ್ತು. ಹೊಲಮನೆಗಿಂತ ಹೆಚ್ಚಿನ ಹಟದಲ್ಲಿ ಅಣ್ಣತಮ್ಮಂದಿರು ಅವ್ವನ ಕಣ್ಣಿಗೆ ಹಕ್ಕು ಸಾಧಿಸುತ್ತಿದ್ದರು. ಮನ್ಮಥಪ್ಪ ಎಲ್ಲರ ಕಣ್ಣನ್ನೂ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡು ಬಂದು, ಮುಖ, ಸೀರೆ, ಹೂವೆಲ್ಲ ಬರೆದು, ಕಣ್ಣನ್ನು ಕಟ್ಟಕಡೆಗೆ ಉಳಿಸಿಕೊಳ್ಳುತ್ತಿದ್ದ. ಅದು ಸಂಜೆ ದೀಪ ಹಚ್ಚುವ ಹೊತ್ತಿಗೇ ಆಗಬೇಕು. ಹೆಂಡತಿ ಸಂಗಮ್ಮ ಚಿತ್ರದ ಆಚೆ, ಅವನಿಗೆ ಎದುರಾಗಿ, ಎಣ್ಣೆದೀಪ ಹಿಡಿದು ಕೂಡಬೇಕು. ದೀಪದ ಬೆಳಕು ಅವಳ ಕಣ್ಣಲ್ಲಿ ಚುಕ್ಕೆಯಾಗಿ ಹೊಳೆಯುತ್ತಿತ್ತು. ಆ ಹೊಳಪು ಎಲ್ಲಿ ಕೂಡುತ್ತದೆ ಎಂದು ತಲೆಯೆತ್ತಿ ನೋಡುವುದು, ತಲೆತಗ್ಗಿಸಿ ಕುಂಚ ಇಡುವುದು. ಹೊಳಪಿನ ಮಟ್ಟಿಗೆ ಮಾತ್ರ ಸಂಗಮ್ಮ, ಉಳಿದದ್ದೆಲ್ಲ ಆ ಮನೆಯವರದು ಎಂದೇ ಅವನು ನಂಬಿದ್ದ.

ಬಟ್ಟೆ ವ್ಯಾಪಾರಿ ಗುರುಲಿಂಗಪ್ಪನ ಹೆಂಡತಿ ಸುಶೀಲಾಬಾಯಿ ತನ್ನ ಅತ್ತೆಯ ಚಿತ್ರ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. "ಹುಬೇಹೂಬ್ ನಮ್ಮತ್ತೀನೇರಿ. ಖರೇ ಹೇಳ್ಬೇಕಂದ್ರ, ಬದುಕಿದ್ದಾಗ ಆಕಿ ನನ್ನ ಹಿಂಗ ಮಾಯಾದಿಂದ ಒಂದಿನಾನೂ ನೋಡಿರ್ಲಿಲ್ಲ," ಎಂದಿದ್ದಳು. ಮನ್ಮಥಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದು ಮೀಸೆ ತಿರುವಿಕೊಂಡು ಮನೆಗೆ ಬಂದಿದ್ದ.

ಅಂಥವನ ಮನೆಯಲ್ಲಿ, ಎರಡು ಸಾವಿರದ ಹನ್ನೊಂದರ ಶ್ರಾವಣದಲ್ಲಿ, ಸಂಗಮ್ಮ ತೀರಿಕೊಂಡಳು. ಒಂದು ದಿನ ರೊಟ್ಟಿ ಬಡಿಯುತ್ತ ಅಲ್ಲೇ ಒರಗಿದವಳನ್ನು ಆಟೋದಲ್ಲಿ ಹಾಕಿಕೊಂಡು ಹೋದರೆ, ಡಾಕ್ಟರು ಅವಳ ಕಣ್ಣರೆಪ್ಪೆ ಎಳೆದು ನೋಡಿ ಮುಖ ಗಂಟಿಕ್ಕಿದರು. ಕಾಮಾಲೆ ಒಳಗೊಳಗೇ ಬೇರುಬಿಟ್ಟು ಲಿವರು ಪೂರ್ತಿ ಕೆಟ್ಟಿದೆ ಎಂದರು. "ಇದು ಇವತ್ತಿನದಲ್ಲ, ಕಾಕಾ. ಒಂದೆರಡು ವರ್ಷದಿಂದ ಕಣ್ಣು ಹಳದಿಯಾಗುತ್ತಾ ಬಂದಿರಬೇಕು. ಮನೆಯಲ್ಲಿ ಯಾರೂ ನೋಡಲಿಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದರು.

"ನನಗ ಏನೂ ಕಾಣಿಸ್ಲಿಲ್ರಿ," ಎಂದ ಮನ್ಮಥಪ್ಪ. ಅವನು ಸುಳ್ಳು ಹೇಳಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಅದೇ ಮಾತು ಹೇಳಿದ. ಬಣ್ಣದಲ್ಲೇ ಬದುಕಿದವನಿಗೆ ಕಾಣದ ಹಳದಿ ಇನ್ಯಾರಿಗೆ ಕಂಡೀತು ಎಂದು ಬಂದವರೂ ಸಮಾಧಾನ ಹೇಳಿ ಹೋದರು. ಆ ಮಾತೊಂದನ್ನು ಊರುಗೋಲು ಮಾಡಿಕೊಂಡು ಅವನು ಮುಂದಿನ ತಿಂಗಳುಗಳನ್ನೆಲ್ಲ ನಡೆದ.

ಸಂಗಮ್ಮನನ್ನೂ ಕೂಡಿಸಿ ಫೋಟೋ ತೆಗೆಸಿದ್ದರು. ಅದನ್ನು ಬಿಟ್ಟರೆ ಅವಳ ಚಿತ್ರವೇ ಇಲ್ಲ ಎನ್ನಬೇಕು. ಕ್ಯಾಮರಾ ಮಿಂಚಿದರೆ ಕಣ್ಣು ಮುಚ್ಚುವ ಚಾಳಿ ಅವಳದು. ಮಗಳು ರೂಪಾಳ ಮದುವೆಯ ಆಲ್ಬಮ್ಮಿನಲ್ಲಿ ಇಡೀ ಬಳಗ ಹಲ್ಲುಕಿರಿದು ನಿಂತಿದ್ದರೆ ಇವಳೊಬ್ಬಳು ಪ್ರತಿ ಫೋಟೋದಲ್ಲೂ ನಿಂತಲ್ಲೇ ನಿದ್ದೆಹೋದವಳ ಹಾಗಿದ್ದಾಳೆ. ಮತದಾರರ ಚೀಟಿಯಲ್ಲಿ ಕಣ್ಣಿದ್ದ ಜಾಗದಲ್ಲಿ ಎರಡು ಮಸಿ ಕಲೆ. ಆ ಚೀಟಿಯಲ್ಲಿ ಓಣಿಯ ಯಾವ ಹೆಂಗಸು ಬೇಕಾದರೂ ವೋಟು ಹಾಕಿ ಬರಬಹುದಿತ್ತು.

ವರ್ಷದ ಪುಣ್ಯಸ್ಮರಣೆಗೆ ಅವಳ ಚಿತ್ರ ಗೋಡೆಗೆ ಏರಬೇಕು, ಕಣ್ಣು ತೆರೆದೇ ಏರಬೇಕು. ಊರಿನ ಅವ್ವಂದಿರ ಕಣ್ಣೆಲ್ಲ ತೆರೆಸಿದವನು ಸ್ವಂತ ಹೆಂಡತಿಯನ್ನು ಕುರುಡಿಯ ಹಾಗೆ ತೂಗುಹಾಕಿದರೆ ಯಾವ ಮುಖ ಹೊತ್ತು ತಿರುಗುವುದು? ಜನರ ಮಾತು ಹಾಗಿರಲಿ. ಅವನಿಗೆ ಅವಳು ತನ್ನನ್ನು ಇನ್ನೊಂದು ಸಲ ನೋಡಬೇಕಾಗಿತ್ತು, ಅಷ್ಟೆ.

ಚಿತ್ರ ಬರೆದ. ಮುಖ ಬಂತು, ಮೂಗುಬೊಟ್ಟು ಬಂತು, ಗದ್ದದ ಹಚ್ಚೆ ಬಂತು. ಸಂಜೆ ದೀಪ ಹಚ್ಚಿ ಎದುರಿಗಿದ್ದ ಸ್ಟೂಲಿನ ಮೇಲಿಟ್ಟು ಕಣ್ಣಿಗೆ ಕೈಹಾಕಿದರೆ ಯಾವಳೋ ಪರಕೀಯಳು ಎದ್ದು ಕೂತಳು. ಕೆರೆದು ತೆಗೆದು ಮತ್ತೆ ಬರೆದ. ಮತ್ತೊಬ್ಬಳು ಬಂದಳು. ಮೂರನೆಯ ಸಲ ಕ್ಯಾನ್ವಾಸೇ ಹರಿಯಿತು. ತಲೆಯೆತ್ತಿದರೆ ಸ್ಟೂಲು, ದೀಪ, ಅದರಾಚೆ ಗೋಡೆ. ಅವಳ ಕಣ್ಣು ಹೇಗಿದ್ದವು ಎಂದು ಅವನಿಗೆ ನೆನಪೇ ಆಗಲೊಲ್ಲದು. ಹೆಸರು ಮರೆತರೆ ಯಾರನ್ನಾದರೂ ಕೇಳಬಹುದು, ಇದನ್ನು ಯಾರನ್ನು ಕೇಳುವುದು?

ತನ್ನದೇ ಹಳೆಯ ಪ್ರಶ್ನೆ ತನ್ನ ಕೊರಳಿಗೇ ಬಂತು. ಅವ್ವನ ಕಣ್ಣು ಯಾರಿಗೆ ಬಂದಿವೆ? ರೂಪಾ ಒಬ್ಬಳೇ ಮಗಳು, ಅವಳದು ಎರಕ ಹೊಯ್ದಂತೆ ಅಪ್ಪನ ಕಣ್ಣು. ಉಳಿದವಳು ಸಂಗಮ್ಮನ ತಾಯಿ ಚನಬಸವ್ವ. ಗಂಗಾಪುರದಲ್ಲಿ ಮಗನ ಮನೆಯಲ್ಲಿದ್ದ ಆ ಮುದುಕಿಯನ್ನು ನೋಡಲು ಮನ್ಮಥಪ್ಪ ಬಸ್ಸು ಹತ್ತಿ ಹೋದ. ಪೊರೆ ತೆಗೆಸಿದ ಮೇಲೆ ಅವಳ ದೃಷ್ಟಿ ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿತ್ತು, ಆದರೆ ಕಣ್ಣು ಗುಳಿಬಿದ್ದು ಆಕಾರವೇ ಹೋಗಿತ್ತು. ಅವಳ ಬುದ್ಧಿಗೂ ಮಂಕು ಕವಿದಿತ್ತು. ಮಗಳು ಸತ್ತದ್ದನ್ನು ಹೇಳಿದಾಗಲೆಲ್ಲ ಆಗತಾನೇ ಕೇಳಿದವಳ ಹಾಗೆ ಎದೆಬಡಿದುಕೊಂಡು ಅತ್ತು, ಮರುದಿನ ಮರೆಯುತ್ತಿದ್ದಳು. ಅದನ್ನು ನೋಡಲಾರದೆ ಮನೆಯವರು ಹೇಳುವುದನ್ನೇ ಬಿಟ್ಟಿದ್ದರು.

"ಸಂಗವ್ವ ಯಾಕ ಬಂದಿಲ್ಲ?" ಎಂದು ಕೇಳಿದಳು.

"ಬರ್ತಾಳ್ರಿ ಅತ್ತಿ," ಎಂದು ಮನ್ಮಥಪ್ಪ ಅವಳ ಕಣ್ಣನ್ನೇ ನೋಡುತ್ತ ಕೂತ. ಅಲ್ಲಿ ಅವನಿಗೆ ಬೇಕಾದದ್ದು ಏನೂ ಸಿಗಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ರೂಪಾ ನಾಸಿಕದಲ್ಲಿದ್ದಳು. ಗಂಡ ರವಿಕಾಂತ ಸಿನ್ನರಿನ ಕಾರ್ಖಾನೆಗೆ ಹೋದ ಮೇಲೆ ಮನೆಯಲ್ಲೇ ಕಂಪ್ಯೂಟರಿನಲ್ಲಿ ಸ್ಟುಡಿಯೋಗಳಿಗೆ ಮದುವೆ ಆಲ್ಬಮ್ ಮಾಡಿಕೊಡುತ್ತಿದ್ದಳು. ಆ ಪೆಟ್ಟಿಗೆಯನ್ನು ಕಂಡರೆ ಮನ್ಮಥಪ್ಪನಿಗೆ ಆಗುತ್ತಿರಲಿಲ್ಲ. ಫ್ಲೆಕ್ಸ್ ಬಂದು ಊರಿನ ಬೋರ್ಡು ಬರೆಯುವವರನ್ನೆಲ್ಲ ನುಂಗಿ ನೀರು ಕುಡಿದಿತ್ತು. "ಕೈಗಿ ಬಣ್ಣ ಹತ್ತಲಾರದ ಕೆಲಸ ಅದೆಂಥ ಕೆಲಸಾನೇ," ಎಂದು ಮಗಳನ್ನು ಆಡಿಕೊಳ್ಳುತ್ತಿದ್ದವನು ಈಗ ಸಂಗಮ್ಮನ ಫೋಟೋ ಚೀಲದಲ್ಲಿ ಹಾಕಿಕೊಂಡು, ವೈಜಾಪುರ, ಯೇವಲಾ ದಾಟಿ, ಅದೇ ಪೆಟ್ಟಿಗೆಯ ಮುಂದೆ ಬಂದು ಕೂತ.

ರೂಪಾ ಫೋಟೋವನ್ನು ಪರದೆಯ ಮೇಲೆ ತಂದು, ಅಪ್ಪನ ಕೈಗೆ ಒಂದು ಪೆನ್ನು ಕೊಟ್ಟು, ಮುಂದೆ ಕರೀ ಪಾಟಿಯಂಥದ್ದನ್ನು ಇಟ್ಟಳು. ಪಾಟಿಯ ಮೇಲೆ ಗೀರಿದರೆ ಪರದೆಯಲ್ಲಿ ಮೂಡುತ್ತಿತ್ತು. "ಅಪ್ಪಾ, ಕೈ ನೋಡಬ್ಯಾಡ್ರಿ, ಸ್ಕ್ರೀನ್ ಬಘಾ. ಹಗೂರ ಒತ್ರಿ, ಸಣ್ಣ ಗೆರಿ ಬರ್ತದ."

ಎರಡು ದಿನ ಅವನು ಕೂಸಿನ ಹಾಗೆ ಗೀಚಿದ. ಮೂರನೆಯ ದಿನ ಕೈ ಪಳಗಿತು. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಆ ಯಂತ್ರಕ್ಕೆ ಅವನು ಬೆರಗಾದ. ಬಣ್ಣ ಒಣಗುವ ತನಕ ಕಾಯಬೇಕಿಲ್ಲ. ತಪ್ಪು ಗೆರೆ ಎಳೆದರೆ ಒಂದು ಗುಂಡಿ ಒತ್ತಿದರೆ ಸಾಕು, ಎಳೆದೇ ಇಲ್ಲ ಎಂಬಂತೆ ಹೋಗುತ್ತದೆ. ಒಂದರ ಮೇಲೊಂದು ಗಾಜು ಹೊದಿಸಿದ ಹಾಗೆ ಪದರ ಹಾಕಬಹುದು. ಕೆಳಗಿನ ಪದರದಲ್ಲಿ ಕಣ್ಣು ಮುಚ್ಚಿದ ಸಂಗಮ್ಮ, ಮೇಲಿನದರಲ್ಲಿ ಅವನು ಬರೆದ ತೆರೆದ ಕಣ್ಣು. ಪದರದ ಪಕ್ಕದಲ್ಲಿ ಕಣ್ಣಿನದೇ ಒಂದು ಪುಟ್ಟ ಗುರುತಿತ್ತು. ಒತ್ತಿದರೆ ಆ ಪದರ ಮಾಯ, ಸಂಗಮ್ಮ ಕಣ್ಣು ಮುಚ್ಚಿದಳು. ಮತ್ತೆ ಒತ್ತಿದರೆ ತೆರೆದಳು. ಮುಚ್ಚಿದಳು, ತೆರೆದಳು. ರೂಪಾ ಬಂದು ಮೌಸು ಕಸಿದುಕೊಳ್ಳುವ ತನಕ ಅವನು ಒತ್ತುತ್ತಲೇ ಇದ್ದ.

ಆದರೆ ತೆರೆದ ಕಣ್ಣು ಅವಳದಾಗಿರಲಿಲ್ಲ. ಔರಂಗಾಬಾದಿನಲ್ಲಿ ಮೂರು ಸಲ ಸೋತವನು ಇಲ್ಲಿ ಚಹಾ ಆರುವಷ್ಟರಲ್ಲಿ ಹತ್ತು ಸಲ ಸೋಲತೊಡಗಿದ. ಕ್ಯಾನ್ವಾಸು ಹಾಳಾಗುವುದಿಲ್ಲ, ಬಣ್ಣ ಮುಗಿಯುವುದಿಲ್ಲ, ಸಾಕು ಎಂದು ಹೇಳುವವರೇ ಇಲ್ಲ. ಖರ್ಚಿಲ್ಲದ ಸೋಲು ಮನುಷ್ಯನನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಊಟ ಬಿಟ್ಟ. ಗಡ್ಡ ಬೆಳೆಯಿತು. ರವಿಕಾಂತ ಮಾವನ ಮುಖ ನೋಡಲಾರದೆ ಹಿಂಬಾಗಿಲಿನಿಂದ ಓಡಾಡತೊಡಗಿದ.

ಒಂದು ಮಧ್ಯಾಹ್ನ ಪೆನ್ನು ಎಸೆದು ಮನ್ಮಥಪ್ಪ ಹಣೆ ಚಚ್ಚಿಕೊಂಡ. "ಕಂಡವರ ಕಣ್ಣೆಲ್ಲ ತೆರಸಿದ್ನಲ್ಲವಾ, ನನ್ನ ಸಂಗವ್ವ ಏನ್ ಪಾಪ ಮಾಡಿದ್ಳು?"

ರೂಪಾ ಅವನ ತಲೆಯನ್ನು ಹೊಟ್ಟೆಗೆ ಆನಿಸಿಕೊಂಡು ನಿಂತಳು. "ಕಂಡವರದ್ದು ಹ್ಯಾಂಗ ತೆರಸ್ತಿದ್ರಿ, ಅದನ್ನೇ ನೋಡಮು. ನೀವು ಬರದ ಹೆಂಗಸರ ಚಿತ್ರ ಎಲ್ಲೆಲ್ಲಿ ಅವ, ಫೋಟೋ ತಕ್ಕೊಂಡ ಬರ್ರಿ. ನಿಮ್ಮ ಕೈ ಹ್ಯಾಂಗ ಓಡ್ಯದ, ಅದರ ಮ್ಯಾಲೇ ನಾವು ತಿದ್ದಮು," ಎಂದಳು.

ಮಗಳ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಅವನು ಔರಂಗಾಬಾದಿನ ಮನೆಮನೆ ತಿರುಗಿದ. ಸುಶೀಲಾಬಾಯಿ ಅತ್ತೆಯ ಚಿತ್ರದ ಧೂಳು ಒರೆಸಿ, ಹಾರ ತೆಗೆದು, ಫೋಟೋ ತೆಗೆಯಲು ಬಿಟ್ಟಳು. ಕೆಲವು ಹದಿನೈದು ಇಪ್ಪತ್ತು ವರ್ಷ ಹಳೆಯವು, ಕೆಲವು ಈಚಿನವು. ಪ್ರತಿಯೊಂದರ ಮೂಲೆಯಲ್ಲೂ ಅವನ ಸಹಿ, ಸಹಿಯ ಕೆಳಗೆ ಇಸವಿ. ಅಷ್ಟನ್ನೂ ತುಂಬಿಕೊಂಡು ನಾಸಿಕಕ್ಕೆ ಮರಳಿದ.

ರೂಪಾ ಎಲ್ಲ ಮುಖಗಳನ್ನು ಒಂದೇ ಅಳತೆಗೆ ತಂದು, ಒಂದರ ಮೇಲೊಂದು ಪದರ ಹಾಕಿ, ಪ್ರತಿಯೊಂದನ್ನೂ ಅರ್ಧ ತಿಳಿ ಮಾಡಿದಳು. ದುಂಡು ಗಲ್ಲ, ಚೂಪು ಗಲ್ಲ, ಚಪ್ಪಟೆ ಮೂಗು, ಗಿಣಿಮೂಗು ಎಲ್ಲ ಕಲಸಿಹೋಗಿ ಮುಖ ಮಂಜಾಯಿತು. ಕಣ್ಣು ಮಾತ್ರ ಅಲುಗಲಿಲ್ಲ. ಅಷ್ಟು ಮಂದಿ ಹೆಂಗಸರ ಕಣ್ಣು ಒಂದರ ಮೇಲೊಂದು ಕೂತು ಒಂದೇ ಜೊತೆಯಾಗಿ, ಸ್ಪಷ್ಟವಾಗಿ, ಮಂಜಿನೊಳಗಿಂದ ಹೊರಗೆ ನೋಡಿತು.

ರೂಪಾಳ ಕೈ ಬಾಯಿಗೆ ಹೋಯಿತು. "ಅವ್ವ," ಎಂದಳು.

ಮನ್ಮಥಪ್ಪ ಪರದೆಯ ಹತ್ತಿರಕ್ಕೆ ಬಾಗಿ ನೋಡಿದ. ಎಡಗಣ್ಣಿನ ರೆಪ್ಪೆ ಬಲದ್ದಕ್ಕಿಂತ ಕೂದಲೆಳೆಯಷ್ಟು ಇಳಿದದ್ದು, ದೀಪದ ಹೊಗೆಗೆ ಅಂಚು ಕಿರಿದಾದದ್ದು, ಇನ್ನೂ ಎಷ್ಟೊತ್ತು ಕೂಡಬೇಕು ಎಂಬ ಬೇಸರ, ಆದರೂ ಎದ್ದುಹೋಗದ ಅಕ್ಕರೆ. ಸುಶೀಲಾಬಾಯಿಯ ಅತ್ತೆ ಸೊಸೆಯನ್ನು ಯಾಕೆ ಹಾಗೆ ನೋಡುತ್ತಿದ್ದಳು ಎಂದು ಈಗ ತಿಳಿಯಿತು. ನೋಡಿದವಳು ಅತ್ತೆಯಲ್ಲ. ಊರ ತುಂಬ ಅವ್ವಂದಿರ ಮುಖದಲ್ಲಿ ಸಂಗಮ್ಮ ಕೂತಿದ್ದಳು. ಅವನು ನಂಬಿಸಿ ಮೋಸ ಮಾಡಿದ್ದ, ತನಗೇ ಗೊತ್ತಿಲ್ಲದೆ. ಹಾಗಿದ್ದೂ ಆ ಗಳಿಗೆಯಲ್ಲಿ ಅವನಿಗೆ ನಾಚಿಕೆಯಾಗಲಿಲ್ಲ. ಸಿಕ್ಕಳಲ್ಲ ಎಂದು ಮಗುವಿನ ಹಾಗೆ ಅತ್ತ. ಅಪ್ಪ ಮಗಳು ಇಬ್ಬರೂ ಅತ್ತು, ನಕ್ಕು, ಅಂದು ಹೊಟ್ಟೆತುಂಬ ಉಂಡರು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ಅವನು ಬಣ್ಣಕ್ಕೆ ಕೂತ. ಆ ಯಂತ್ರದಲ್ಲಿ ಕಣ್ಣಿಗೆ ಔಷಧ ಬಿಡುವ ಡ್ರಾಪರಿನಂಥ ಒಂದು ಸಾಧನವಿದೆ. ಚಿತ್ರದ ಯಾವ ಜಾಗಕ್ಕೆ ಅದನ್ನು ತಾಗಿಸಿದರೂ ಅಲ್ಲಿಯ ಬಣ್ಣವನ್ನು ಹೀರಿ ಪಕ್ಕದ ಚೌಕದಲ್ಲಿ ತುಂಬಿ ತೋರಿಸುತ್ತದೆ. ಸುತ್ತಲಿನ ಬಣ್ಣ ಕಣ್ಣನ್ನು ಮೋಸಗೊಳಿಸುವುದು ಅಲ್ಲಿ ನಡೆಯುವುದಿಲ್ಲ. ಕಣ್ಣಿನ ಬಿಳಿ ಬೇಕಾಗಿತ್ತು. ಹಳೆಯ ಚಿತ್ರವೊಂದಕ್ಕೆ ತಾಗಿಸಿದ, ಹಾಲಿಗೆ ಹನಿ ನೀಲಿ ಬೆರೆಸಿದಂಥ ಬಿಳಿ ಬಂತು. ಎರಡು ಸಾವಿರದ ಏಳರದಕ್ಕೆ ತಾಗಿಸಿದ, ಅದೇ. ಒಂಬತ್ತರದಕ್ಕೆ ತಾಗಿಸಿದಾಗ ಚೌಕದಲ್ಲಿ ಬಂದದ್ದು ಬಿಳಿಯಲ್ಲ, ಕೆನೆ. ಹತ್ತರದಕ್ಕೆ ತಾಗಿಸಿದ, ಬೆಣ್ಣೆ. ಅವಳು ತೀರಿಕೊಂಡ ವರ್ಷದ ಬೇಸಿಗೆಯದಕ್ಕೆ, ಅವಳು ದೀಪ ಹಿಡಿದ ಕಡೆಯ ಚಿತ್ರಕ್ಕೆ, ತಾಗಿಸಿದ. ಚೌಕದ ತುಂಬ ಅರಿಶಿನ.

ರೂಪಾ ಬಂದು ಚೌಕ ನೋಡಿದಳು, ಅಪ್ಪನ ಮುಖ ನೋಡಿದಳು, ಅವಳಿಗೂ ತಿಳಿಯಿತು. "ಎಣ್ಣೀಬಣ್ಣ ಹಳದಿಗೆ ತಿರಗ್ತದಲ್ರಿ ಅಪ್ಪಾ, ನೀವೇ ಹೇಳಿದ್ರಿ," ಎಂದು ಅವಸರದಿಂದ ಅಂದಳು.

"ತಿರಗ್ತದ. ಹಳೇವು ತಿರಗ್ತಾವ. ಇಲ್ಲಿ ಹೊಸವು ತಿರಗ್ಯಾವ."

"ದೀಪದ ಬೆಳಕ ಹಳದಿ ಇರ್ತದಲ್ಲ."

"ಇಪ್ಪತ್ತ ವರ್ಷ ಅದೇ ದೀಪ, ರೂಪಾ." ಅವನು ಕಡೆಯ ಚಿತ್ರದ ಹಣೆಯ ವಿಭೂತಿಗೆ ಡ್ರಾಪರು ತಾಗಿಸಿದ. ಚೌಕ ಬೆಳ್ಳಗಾಯಿತು. ಕಣ್ಣಿಗೆ ತಾಗಿಸಿದ, ಅರಿಶಿನ. ಅದೇ ಬಿಳಿಯ ಟ್ಯೂಬು, ಅದೇ ಕುಂಚ. ಆದರೆ ಕಣ್ಣಿನ ಬಿಳಿಗೆ ಬಂದಾಗ ಅವನ ಕೈ ತಾನಾಗಿ ಬಣ್ಣದ ಹಲಗೆಯ ಮೂಲೆಗೆ ಹೋಗಿ ಚೂರು ಹಳದಿ ಕಲಸಿಕೊಂಡಿತ್ತು. ಯಾಕೆಂದು ಅವನು ಕೇಳಿಕೊಂಡಿರಲಿಲ್ಲ. ತಲೆಯೆತ್ತಿ ನೋಡಿದ್ದ, ತಲೆತಗ್ಗಿಸಿ ಬರೆದಿದ್ದ. ಒಂದು ಸಲವಲ್ಲ, ಎರಡು ವರ್ಷ ಪ್ರತಿ ಚಿತ್ರದಲ್ಲೂ ಅವಳ ರೋಗವನ್ನು ಚಂದವಾಗಿ ಬರೆದು, ಸಹಿ ಹಾಕಿ, ಕಂಡವರ ಮನೆಗೆ ಕಳಿಸಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇವನ ನೆಟ್ಟಗಿನ ಕಣ್ಣಿಗೆ ಹಳದಿಯೇ ಹಳದಿಯಾಗಿ ಕಂಡಿರಲಿಲ್ಲ.

"ಡಾಕ್ಟರಿಗಿ ಏನಂದೆ ನಾನು? ಕಾಣಿಸ್ಲಿಲ್ಲ ಅಂದೆ," ಎಂದ. "ಕಂಡಿತ್ತವ್ವಾ. ಕೈಗಿ ಕಂಡಿತ್ತು. ನಾ ಕೇಳಲಿಲ್ಲ." ಆಮೇಲೆ ಅವನು ಅಳಲೂ ಇಲ್ಲ, ಅತ್ತಿದ್ದರೆ ರೂಪಾಳಿಗೆ ಸಮಾಧಾನವಾಗುತ್ತಿತ್ತು.

ಪುಣ್ಯಸ್ಮರಣೆ ಹತ್ತಿರ ಬಂದಿತ್ತು. ರೂಪಾ ಕಡೆಯ ಚಿತ್ರದ ಕಣ್ಣುಗಳನ್ನು ಪರದೆಗೆ ತಂದು, ಪಕ್ಕದ ಒಂದು ಗುಂಡನ್ನು ತೋರಿಸಿ, "ಇದು ಹಿಂಗ ಸರಿಸಿದ್ರ ಹಳದಿ ಹೋಗಿ ಬೆಳ್ಳಗ ಆಗ್ತದ್ರಿ ಅಪ್ಪಾ. ಮೊದಲಿನ ಅವ್ವನಂಗೇ ಆಗ್ತಾಳ. ಬೆಳ್ಳಗ ಮಾಡಮು, ನಾಹೀ ಮ್ಹಣೂ ನಕಾ, ಬ್ಯಾಡ ಅನಬ್ಯಾಡ್ರಿ," ಎಂದು ಎರಡು ಭಾಷೆಯಲ್ಲೂ ಬೇಡಿಕೊಂಡಳು. ಒಂದು ಬೆರಳಿನಲ್ಲಿ ಸರಿಸುವ ಕೆಲಸ. ಸರಿಸಿ ತೋರಿಸಿದಳು ಕೂಡ. ಸಂಗಮ್ಮನ ಕಣ್ಣು ತೊಳೆದ ಹಾಗೆ ಶುಭ್ರವಾದವು.

ಮನ್ಮಥಪ್ಪ ಗುಂಡನ್ನು ಮೊದಲಿದ್ದಲ್ಲಿಗೇ ತಂದಿಟ್ಟ. "ಇನ್ನೊಮ್ಮಿ ಮುಚ್ಚಿಡೂದ ಬ್ಯಾಡ," ಎಂದು, ಪೆನ್ನು ಹಿಡಿದು, ಕಡೆಯ ಚಿತ್ರದ ಕಣ್ಣುಗಳನ್ನೇ ಎದುರಿಗಿಟ್ಟುಕೊಂಡು ಸಂಗಮ್ಮನ ಕಣ್ಣು ಬರೆದ. ಈ ಸಲ ಒಂದು ಗೆರೆಯನ್ನೂ ಅಳಿಸಲಿಲ್ಲ. ದೀಪದ ಹೊಳಪನ್ನು ಅದರ ಜಾಗದಲ್ಲಿ ಇಟ್ಟಾಗ ಅವಳು ಅವನನ್ನು ನೋಡಿದಳು, ಆ ಬೇಸಿಗೆಯಲ್ಲಿ ನೋಡಿದ ಹಾಗೆಯೇ, ದಣಿದು, ಹಳದಿಯಾಗಿ, ಒಂದು ಮಾತೂ ಆಡದೆ. ಅವನು ಬಯಸಿದ್ದು ಇದನ್ನೇ. ಬಯಸಿದ್ದು ಸಿಕ್ಕ ಮೇಲೆ ಅವಳ ಎದುರಿಗೆ ಕೂತಿರುವುದು ಅವನಿಂದ ಆಗಲಿಲ್ಲ.

ರೂಪಾ ಅದನ್ನು ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿಸಿದಳು. ಔರಂಗಾಬಾದಿನ ಮನೆಯ ನಡುಗೋಡೆಗೆ ಸಂಗಮ್ಮ ಏರಿದಳು. ಪುಣ್ಯಸ್ಮರಣೆಯ ದಿನ ಅಯ್ಯನವರ ಪಾದಪೂಜೆ ಆಯಿತು, ಬಳಗ ಊಟಕ್ಕೆ ಕೂತಿತು. ಬಂದವರೆಲ್ಲ ಹೊಗಳಿದರು. ಸುಶೀಲಾಬಾಯಿ, "ಕಂಪ್ಯೂಟರದ್ದು ಅನಸೂದೇ ಇಲ್ರಿ, ಜೀವಂತ ಕೂತಂಗ ಅದ," ಎಂದಳು. ಹಳದಿ ಯಾರ ಕಣ್ಣಿಗೂ ಬೀಳಲಿಲ್ಲ. ಹೂವಿನ ಹಾರ, ಊದಿನಕಡ್ಡಿಯ ಹೊಗೆ, ಚೌಕಟ್ಟಿನ ಅಂಚಿನ ಬಲ್ಬುಗಳ ನಡುವೆ ಅದು ಬಣ್ಣದೊಳಗಿನ ಬಣ್ಣವಾಗಿತ್ತು. ಮನ್ಮಥಪ್ಪ ಚಿತ್ರಕ್ಕೆ ಬೆನ್ನು ಮಾಡಿ ಬಡಿಸುತ್ತಿದ್ದ. ಒಳಗೊಳಗೆ ಅವನಿಗೆ ಸ್ವಲ್ಪ ಉಸಿರು ತಿರುಗಿತು. ಯಾರಿಗೂ ಕಾಣದಿದ್ದರೆ ತನಗೆ ಕಾಣದ್ದೂ ಅಷ್ಟು ದೊಡ್ಡ ತಪ್ಪಲ್ಲವೇನೋ.

ಆಗ ಗಂಗಾಪುರದಿಂದ ಚನಬಸವ್ವನನ್ನು ಕರೆತಂದರು. ಬರುವುದು ಬೇಡವೆಂದಿದ್ದರು, ಮುದುಕಿ ಹಟಮಾಡಿ ಜೀಪು ಹತ್ತಿದ್ದಳು. ರೂಪಾಳ ಕೈ ಹಿಡಿದು ನಡುಮನೆಗೆ ಬಂದವಳು ಗೋಡೆಯತ್ತ ನೋಡಿ ನಿಂತಳು. ಇನ್ನು ಎದೆಬಡಿದುಕೊಳ್ಳುತ್ತಾಳೆ ಎಂದು ಹೆಂಗಸರು ನೀರು ತರಲು ಎದ್ದರು.

ಅವಳು ಅಳಲಿಲ್ಲ. ಚಿತ್ರದ ತೀರ ಹತ್ತಿರ ಹೋಗಿ, ಮಗಳ ಗದ್ದ ಸವರಿ, ಕಣ್ಣಿನ ಕೆಳಗೆ ಹೆಬ್ಬೆರಳಿಟ್ಟು ರೆಪ್ಪೆಯನ್ನು ಕೆಳಕ್ಕೆ ಎಳೆಯುವ ಹಾಗೆ ಮಾಡಿದಳು. ಆಮೇಲೆ ತಿರುಗಿ, ಬಳಗದ ನಡುವೆ ಅಳಿಯನನ್ನು ಹುಡುಕಿದಳು.

"ಅಯ್ಯ ನನ ಕೂಸ, ಕಣ್ಣು ನೋಡ್ರಿ ಹ್ಯಾಂಗ ಹಳದಿ ಆಗ್ಯಾವ," ಎಂದಳು. "ಕಾಮಣಿ ಆಗ್ಯದ ಈಕಿಗಿ. ಮನ್ಮಥಪ್ಪನೋರ, ಎದುರಿಗೇ ಇರ್ತೀರಲ್ರಿ ನೀವು, ಕಾಣಿಸ್ಲಿಲ್ಲೇನ್ರಿ? ಲಗೂ ದವಾಖಾನಿಗಿ ಕರ್ಕೊಂಡು ನಡೀರಿ."

ಮನ್ಮಥಪ್ಪ ಕೈಯಲ್ಲಿದ್ದ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟ.

"ಹೋಗಮ್ರಿ ಅತ್ತಿ," ಎಂದ. "ನಾಳಿಗಿ ಹೋಗಮು."

"ನಾಳಿಗ್ಯಾಕ? ಈಗೇ ನಡೀರಿ. ಈಗ ತೋರ್ಸಿದ್ರ ಕಮ್ಮಿ ಆಗ್ತದ."

"ಹೂಂನ್ರಿ," ಎಂದ ಮನ್ಮಥಪ್ಪ. ಉಣ್ಣುತ್ತಿದ್ದವರ ಸಾಲು ದಾಟಿ ಬಾಗಿಲಿಗೆ ಹೋದ. ಬಂದವರ ಚಪ್ಪಲಿಗಳ ರಾಶಿಯಲ್ಲಿ ತನ್ನವನ್ನು ಹುಡುಕಿ ಕಾಲಿಗೆ ಹಾಕಿಕೊಂಡ. ರೂಪಾ ಬಂದು ತೋಳು ಹಿಡಿದು ಒಳಗೆ ಕರೆದಳು, ಅವನು ಬರಲಿಲ್ಲ. ಆಟೋ ಕರೆಯಲು ಹೊರಟವನ ಹಾಗೆ ಗಲ್ಲಿಯ ತುದಿಯನ್ನೇ ನೋಡುತ್ತ ಹೊಸ್ತಿಲಲ್ಲಿ ನಿಂತೇ ಇದ್ದ.